ಕರೇಕಲ್ಲುಕಟ್ಟೆಗೆ ಹೋದ ಜೀಪು

“ಇನ್ನೊಂದು ಮೊಳ ನೀರು ಬಂದ್ರೆ ಏರಿ ನಿಲ್ಲಾಕಿಲ್ಲ ಸ್ವಾಮಿ. ಇವತ್ತು ಹೊತ್ತು ಮುಳುಗೋದ್ರೊಳಗೆ ತೂಬು ಎತ್ತಬೇಕು.”

ತಿಪಟೂರಿನ ಬಿ.ಎಚ್. ರಸ್ತೆಯ ಪಕ್ಕದ ಗ್ಯಾರೇಜಿನ ಬಾಗಿಲಲ್ಲಿ ನಿಂತು ಸಿದ್ದಮ್ಮ ಹೀಗೆಂದಾಗ ಬೆಳಗಿನ ಏಳೂವರೆ. ಅವಳ ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊಣಕಾಲಿನವರೆಗೂ ಕೆಂಪು ಕೆಸರು. ಊರಿನಿಂದ ಐದು ಮೈಲಿ ನಡೆದು, ಚಿಕ್ಕನಾಯಕನಹಳ್ಳಿಯಲ್ಲಿ ಮೊದಲ ಬಸ್ಸು ಹಿಡಿದು ಬಂದಿದ್ದಳು.

ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ನವೆಂಬರ್. ಆರು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಚಿಕ್ಕನಾಯಕನಹಳ್ಳಿಯ ಆಚೆ, ಬೆಟ್ಟಗಳ ಸಂದಿನಲ್ಲಿದ್ದ ಕರೇಕಲ್ಲುಕಟ್ಟೆ ಎಂಬ ಹಳೆಯ ಕೆರೆ ತುಂಬಿ ತುಳುಕುತ್ತಿತ್ತು. ಅದರ ಕೆಳಗೇ ತಗ್ಗಿನಪಾಳ್ಯ, ನೂರಿಪ್ಪತ್ತು ಮನೆಗಳ ಊರು. ಸಿದ್ದಮ್ಮ ಆ ಕೆರೆಯ ನೀರ್ಗಂಟಿ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷಗಳಿಂದ ತೂಬು ಎತ್ತುವ, ಇಳಿಸುವ, ತೋಟಗಳಿಗೆ ನೀರು ಹಂಚುವ ಕೆಲಸ ಅವಳದೇ.

“ನಿನ್ನೆ ಸಂಜೆ ಐದಾಳು ಸೇರಿ ತೂಬಿನ ಸರಳು ಎಳುದ್ರು. ಸರಳು ಮುರೀತು. ಗೂಟ ಮಾತ್ರ ಕೆಳಗೆ ಕಚ್ಕಂಡು ಕೂತೈತೆ. ಕೋಡೀಲಿ ಹೋಗೋ ನೀರು ಸಾಲ್ತಿಲ್ಲ. ಏರಿ ನಡುಮಧ್ಯ, ಬುಡದಾಗೆ ಕೆಂಪು ನೀರು ಜಿನುಗ್ತೈತೆ ಸ್ವಾಮಿ.”

ಕೆಂಪು ನೀರು ಎಂದರೆ ಏರಿಯ ಮಣ್ಣು ಒಳಗೊಳಗೇ ಕೊಚ್ಚಿಹೋಗುತ್ತಿದೆ ಎಂದು ಅರ್ಥ. ಗ್ಯಾರೇಜಿನ ಯಜಮಾನ ತೋಂಟದಾರ್ಯ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಕೆಳಗಿಟ್ಟ. ಐವತ್ತನಾಲ್ಕು ವರ್ಷದ ಗಟ್ಟಿ ಆಳು. ಹಣೆಯ ಮೇಲೆ ವಿಭೂತಿ, ಮೈಮೇಲೆ ಗ್ರೀಸಿನ ಖಾಕಿ ಅಂಗಿ. ಎಣ್ಣೆಗಾಣ, ಪಂಪು, ಲಾರಿ, ಯಾವುದು ಕೆಟ್ಟರೂ ಮೂರು ತಾಲ್ಲೂಕಿನ ಜನ ಹುಡುಕಿಕೊಂಡು ಬರುತ್ತಿದ್ದುದು ಅವನನ್ನೇ.

“ಅಧಿಕಾರಿಗಳಿಗೆ ಹೇಳಿದ್ರೇನಮ್ಮ?”

“ಎರಡು ಕೆರೆ ಆಗ್ಲೇ ಒಡ್ದವೆ. ಎಲ್ಲಾ ಅಲ್ಲಿಗೆ ಹೋಗವ್ರೆ. ಗೂಟದ ತಲೇಲಿ ಕಬ್ಬಿಣದ ಬಳೆ ಐತೆ. ಅದಕ್ಕೆ ಸರಪಳಿ ಹಾಕಾದು ನಾನು. ಎಳೆಯೋ ಗಾಡಿ ನಿಮ್ದು.”

ತೂಬು ಇದ್ದದ್ದು ಕೆರೆಯ ಬೆಟ್ಟದ ಮಗ್ಗುಲಲ್ಲಿ. ಸೋರುತ್ತಿದ್ದ ಏರಿಯ ಮೇಲೆ ಗಾಡಿ ಹೊಡೆಯುವಂತಿರಲಿಲ್ಲ. ಬೆಟ್ಟ ಬಳಸಿ, ಮುಚ್ಚಿಹೋದ ಮ್ಯಾಂಗನೀಸ್ ಗಣಿಯ ಹಳೆಯ ದಾರಿಯಲ್ಲಿ ಒಂಬತ್ತು ಮೈಲಿ ಹತ್ತಿ ಇಳಿಯಬೇಕು. ಅದು ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಜೀಪಿಗೆ ಮಾತ್ರ ಸಾಧ್ಯ.

ಅಂಥದ್ದೊಂದು ಜೀಪು ಆ ಹೊತ್ತಿನಲ್ಲಿ ಗ್ಯಾರೇಜಿನ ಅಂಗಳದಲ್ಲೇ ನಿಂತಿತ್ತು. ಯುದ್ಧಕಾಲದ ಮಿಲಿಟರಿ ಜೀಪು. ಹೊನ್ನವಳ್ಳಿಯ ಕೊಬ್ಬರಿ ಮಂಡಿಯವರು ಹರಾಜಿನಲ್ಲಿ ಹಿಡಿದದ್ದು. ಅದರ ಚಾಲಕ ಕೆಂಚಪ್ಪ ಬಾನೆಟ್ಟಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

“ಬೆಟ್ಟ ಹತ್ತುತ್ತೇನಪ್ಪಾ ಇದು?” ಎಂದು ತೋಂಟದಾರ್ಯ ಕೇಳಿದ.

“ಅದನ್ನ ನೀವೇ ಹೇಳ್ಬೇಕು ಮೇಸ್ತ್ರಿ,” ಕೆಂಚಪ್ಪನ ದನಿ ಬಿಗಿಯಾಗಿತ್ತು. “ಹಿಂದಿನ ಗಾಲಿ ಅಚ್ಚಲ್ಲಿ ಗುಂಯ್ ಅಂತೈತೆ ಅಂತ ಮೂರನೇ ಸಲ ತಂದಿದ್ದೀನಿ. ಎರಡು ಸಲವೂ ಓಡಿಸಿ ನೋಡಿ, ಏನೂ ಇಲ್ಲ ಹೋಗ್ಲಾ ಅಂದೋರು ನೀವು.”

ತೋಂಟದಾರ್ಯ ಸರಪಳಿ, ಗಾಣದ ಕಬ್ಬಿಣದ ರಾಟೆ, ಹಾರೆ, ಜಾಕು, ಸ್ಪ್ಯಾನರಿನ ಚೀಲ ಒಂದೊಂದನ್ನೇ ಜೀಪಿನ ಹಿಂದಕ್ಕೆ ಎಸೆದ. “ಮಂಡಿಯವರಿಗೆ ನಾನು ಹೇಳ್ಕೋತೀನಿ. ಹತ್ತು,” ಎಂದ.

ಮಂಡಿಯ ಯಜಮಾನರಿಗೆ ಹೇಳಿ ಒಪ್ಪಿಸುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ ಎಂದು ಕೂತಲ್ಲೇ ಹೇಳುತ್ತಿದ್ದ ತೋಂಟದಾರ್ಯನಿಗೆ ಎರಡು ವರ್ಷಗಳಿಂದ ಎಡಗಿವಿ ಕೇಳಿಸುತ್ತಿರಲಿಲ್ಲ. ಬಲಗಿವಿಯೂ ದಿನದಿನಕ್ಕೆ ಮಂದವಾಗುತ್ತಿತ್ತು. ಮನೆಯವರಿಗೂ ಹೇಳಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುವುದನ್ನು ಅವನು ತನಗೆ ತಾನೇ ಕಲಿತುಕೊಂಡಿದ್ದ. ಜೀಪಿನ ಅಚ್ಚಿಗೆ ತುಟಿಗಳಿರಲಿಲ್ಲ.

ಹಾಲ್ಕುರಿಕೆಯ ಮೇಲೆ ಹೊರಟರು. ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳು ನೀರಲ್ಲಿ ನಿಂತಿದ್ದವು. ಉದುರಿದ ಕಾಯಿಗಳು ಪಾತಿಯಿಂದ ಪಾತಿಗೆ ತೇಲುತ್ತಿದ್ದವು. ಗರಿಗಳು ಮಳೆಯ ಭಾರಕ್ಕೆ ಜೋತುಬಿದ್ದು, ಒದ್ದೆ ಕೋಳಿಯ ರೆಕ್ಕೆಗಳಂತೆ ಕಾಂಡಕ್ಕೆ ಅಂಟಿಕೊಂಡಿದ್ದವು. ಅಟ್ಟದ ಮೇಲಿನ ಕೊಬ್ಬರಿಗೆ ಎಲ್ಲಿ ಬೂಷ್ಟು ಹಿಡಿಯುವುದೋ ಎಂದು ಜನ ಮನೆಮನೆಯಲ್ಲೂ ಕೆಳಗೆ ಹೊಗೆ ಹಾಕಿದ್ದರು. ಹೆಂಚಿನ ಸಂದುಗಳಿಂದ ಆ ಹೊಗೆ ಎದ್ದು ಮಳೆಯೊಳಗೆ ಕರಗುತ್ತಿತ್ತು. ದೂರದಲ್ಲಿ ಬೆಟ್ಟದ ಸಾಲು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು.

“ಈಗ ಕೇಳ್ರಿ! ಇಪ್ಪತ್ತು ಮೈಲಿ ಸ್ಪೀಡಿಗೆ ಶುರುವಾಯ್ತು ನೋಡಿ,” ಎಂದ ಕೆಂಚಪ್ಪ.

ತೋಂಟದಾರ್ಯ ತಲೆಯಾಡಿಸಿದ. ಅವನಿಗೆ ಕೇಳಿಸಿದ್ದು ಎಂಜಿನ್ನಿನ ದಪ್ಪ ಸದ್ದು ಮಾತ್ರ.

ಗಣಿದಾರಿ ಶುರುವಾಗುವ ಕಡೆ ಹಳ್ಳ ಉಕ್ಕಿ ಹರಿಯುತ್ತಿತ್ತು. ಸೇತುವೆಯ ಜಾಗದಲ್ಲಿ ಎರಡು ಕಲ್ಲುಕಂಬಗಳಷ್ಟೇ ಉಳಿದಿದ್ದವು. ಸಿದ್ದಮ್ಮ ಸೊಂಟದವರೆಗೂ ನೀರಿಗಿಳಿದು ಕಾಲಿನಿಂದ ತಡವಿ ತಡವಿ ದಾರಿ ತೋರಿಸಿದಳು. ಕೆಂಚಪ್ಪ ಅವಳ ಹಿಂದೆಯೇ ಜೀಪು ಇಳಿಸಿದ. ನೀರು ಪೆಡಲಿನವರೆಗೂ ನುಗ್ಗಿತು. ಜೀಪು ಒಮ್ಮೆ ವಾಲಿತು, ಎದ್ದಿತು, ಆಚೆ ದಡ ಹತ್ತಿತು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಕೆಂಚಪ್ಪ ಬ್ರೇಕು ಒತ್ತಿದ.

“ಸದ್ದು ಜೋರಾಯ್ತು ಮೇಸ್ತ್ರಿ. ಬಲಗಡೆ ಗಾಲೀಲಿ ಅನ್ನಿಸ್ತೈತೆ.”

ತೋಂಟದಾರ್ಯ ಇಳಿದ. ಹಿಂದಿನ ಬಲಗಡೆಯ ಗಾಲಿಗೆ ಜಾಕು ಕೊಟ್ಟು ಎತ್ತಿ, ಎರಡೂ ಕೈಯಿಂದ ಅಲುಗಾಡಿಸಿದ. ಕೂದಲೆಳೆಯಷ್ಟು ಆಟವಿತ್ತು. “ಗಾಲಿ ಬೇರಿಂಗು ಸಡಿಲ ಆಗಿದೆ,” ಎಂದು ಗಟ್ಟಿಯಾಗಿ ಹೇಳಿದ. ತನಗೇ ಧೈರ್ಯ ಬರಲೆಂದು ಅಷ್ಟು ಗಟ್ಟಿಯಾಗಿ. ಹಬ್ ಬಿಚ್ಚಿ, ಗ್ರೀಸು ತುಂಬಿ, ನಟ್ಟು ಬಿಗಿಮಾಡಿ ಮತ್ತೆ ಕೂರಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಸಿದ್ದಮ್ಮ ಅಷ್ಟು ಹೊತ್ತೂ ಕೂರಲಿಲ್ಲ. ದಾರಿಯ ಪಕ್ಕದಲ್ಲೇ ಹರಿಯುತ್ತಿದ್ದ ಹಳ್ಳದ ದಡಕ್ಕೆ ಹೋಗಿ ನೀರು ನೋಡುವುದು, ಮತ್ತೆ ಬರುವುದು.

“ಏರ್ತಾನೇ ಐತೆ,” ಎಂದಳು.

ಮತ್ತೆ ಹೊರಟರು. ದಾರಿ ಕಡಿದಾಯಿತು. ಕಪ್ಪು ಗಣಿಮಣ್ಣು ಗಾಲಿಯಡಿ ಸಾಬೂನಿನಂತೆ ಜಾರುತ್ತಿತ್ತು. ಎಡಕ್ಕೆ ಕಾರೆ, ಕಕ್ಕೆ, ಜಾಲಿಯ ಕಾಡು. ಬಲಕ್ಕೆ ನೀರು ತುಂಬಿದ ಗಣಿಗುಂಡಿಗಳು. ಎರಡನೆಯ ತಿರುವಿನಲ್ಲಿ ಜೀಪು ಏದುಸಿರು ಬಿಡುತ್ತ ಹತ್ತುವಾಗ ಕೆಂಚಪ್ಪನ ಮುಖ ಬಿಳಿಚಿಕೊಂಡಿತು.

“ಬೇರಿಂಗ್ ಬಿಗಿ ಮಾಡಿದ್ದೇ ದಂಡ! ಈಗ ಗರಗರ ಅಂತೈತೆ, ಮಧ್ಯೆ ಮಧ್ಯೆ ಕಟ್ ಕಟ್ ಅಂತೈತೆ. ಅಚ್ಚು ಮುರಿದ್ರೆ ನಾವು ಗುಂಡಿಗೇ ಮೇಸ್ತ್ರಿ!”

ಈ ಸಲ ‘ಕಟ್’ ಎಂದದ್ದು ತೋಂಟದಾರ್ಯನಿಗೆ ಕೇಳಿಸದಿದ್ದರೂ ಸೀಟಿನ ಮೂಲಕ ಬೆನ್ನೆಲುಬಿಗೆ ತಾಗಿತು. ಅವನು ಕೈ ಎತ್ತಿ ನಿಲ್ಲಿಸಲು ಹೇಳಿದ. ದಾರಿ ಸ್ವಲ್ಪ ಸಮತಟ್ಟಾದ ಕಡೆ, ಒಂದು ದೊಡ್ಡ ಹುತ್ತದ ಪಕ್ಕ, ಜೀಪು ನಿಂತಿತು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ತೋಂಟದಾರ್ಯ ಬೆನ್ನ ಮೇಲೆ ಮಲಗಿ ಕೆಳಗೆ ತೂರಿದ.

ಐದು ನಿಮಿಷ ಕಳೆದಿರಬಹುದು. ಪೊದೆ ಅಲುಗಾಡಿತು.

ಮೊದಲು ಕಂಡದ್ದು ಬೂದು ಮೂತಿ. ಆಮೇಲೆ ಕಪ್ಪು, ಒದ್ದೆ, ಜಡೆಗಟ್ಟಿದ ಮೈ. ಬೆನ್ನ ಮೇಲೊಂದು ಮರಿ.

ಕರಡಿ!

ಮಳೆಗೆ ಮೆತ್ತಗಾದ ಹುತ್ತವನ್ನು ಅಗೆಯಲು ಬಂದಿತ್ತು. ಜೀಪನ್ನು ಕಂಡು ಗಕ್ಕನೆ ನಿಂತಿತು. ಹತ್ತು ಮಾರು ದೂರವಷ್ಟೆ.

“ಮೇಸ್ತ್ರಿ,” ಕೆಂಚಪ್ಪ ಸೀಟಿನಲ್ಲಿ ಕುಗ್ಗಿ ಪಿಸುಗುಟ್ಟಿದ. “ಕರಡಿ. ಅಲ್ಲಾಡಬ್ಯಾಡಿ. ಹೊರಕ್ಕೆ ಬರಬ್ಯಾಡಿ.”

ಕೆಳಗಿನಿಂದ ಉತ್ತರವಿಲ್ಲ.

“ಮೇಸ್ತ್ರಿ!”

“ಕೆಂಚಪ್ಪ, ಮುಕ್ಕಾಲಿಂಚಿನ ಸ್ಪ್ಯಾನರ್ ಕೊಡ್ಲಾ!” ತೋಂಟದಾರ್ಯ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದ. ಕೂಗುತ್ತಲೇ ಕಾಲುಗಳನ್ನು ಹೊರಗೆ ಚಾಚಿ ಜಾರತೊಡಗಿದ, ಕರಡಿ ಇದ್ದ ಕಡೆಗೇ.

ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು.

ಸಿದ್ದಮ್ಮ ಯೋಚಿಸಲಿಲ್ಲ. ಜೀಪಿನಿಂದ ಕರಡಿಯ ಪಕ್ಕಕ್ಕೇ ಧುಮುಕಿದಳು, ಅವನ ಎರಡೂ ಪಾದ ಹಿಡಿದು ತನ್ನ ಬಲವೆಲ್ಲ ಹಾಕಿ ಒಳಕ್ಕೆ ತಳ್ಳಿದಳು, ತಾನೂ ಜೊತೆಗೇ ಕೆಳಗೆ ಉರುಳಿದಳು. ಕೆಂಚಪ್ಪ ಹಾರ್ನಿನ ಗುಂಡಿಯನ್ನು ಅಂಗೈಯಿಂದ ಒತ್ತಿ ಹಿಡಿದ. ಒಡಕು ಹಾರ್ನು ಬೆಟ್ಟವೆಲ್ಲ ಅರಚಿತು. ಕರಡಿ ಎರಡು ಹೆಜ್ಜೆ ಮುನ್ನುಗ್ಗಿತು. ಮಣ್ಣು ಹಾರಿ ಸಿದ್ದಮ್ಮನ ಮುಖಕ್ಕೆ ಬಿತ್ತು. ಬೆನ್ನ ಮೇಲಿನ ಮರಿ ಕಿರುಚಿತು. ಆ ಕಿರುಚಾಟಕ್ಕೇ ಇರಬೇಕು, ತಾಯಿ ತಟ್ಟನೆ ತಿರುಗಿ ಪೊದೆಗಳನ್ನು ಮುರಿಯುತ್ತ ಇಳಿಜಾರಿನಲ್ಲಿ ಓಡಿಹೋಯಿತು.

ತೋಂಟದಾರ್ಯ ಹೊರಬಂದು, ಮೆತ್ತನೆಯ ಮಣ್ಣಿನಲ್ಲಿ ಮೂಡಿದ್ದ ಉಗುರಿನ ಗುರುತುಗಳನ್ನು ನೋಡಿದ.

“ಎರಡು ಸಲ ಕೂಗಿದೆ,” ಕೆಂಚಪ್ಪ ನಿಧಾನವಾಗಿ ಹೇಳಿದ. “ನಿಮಗೆ ಕೇಳಿಸ್ಲಿಲ್ಲ.”

ತೋಂಟದಾರ್ಯ ಅವನ ತುಟಿಗಳನ್ನೇ ನೋಡುತ್ತಿದ್ದ. ಕೆಂಚಪ್ಪನಿಗೆ ಆಗ ಹೊಳೆಯಿತು. ಮುಂಗೈಯಿಂದ ಬಾಯಿ ಮರೆಮಾಡಿಕೊಂಡು ಇನ್ನೊಂದು ಮಾತು ಹೇಳಿದ. ತೋಂಟದಾರ್ಯನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಎಷ್ಟು ದಿನದಿಂದ ಮೇಸ್ತ್ರಿ?” ಎಂದು ಕೈ ತೆಗೆದು ಕೇಳಿದ.

“ಎರಡು ವರ್ಷ.” ತೋಂಟದಾರ್ಯ ನೆಲ ನೋಡಿದ. “ನೀನು ಸದ್ದು ಅಂದಾಗಲೆಲ್ಲ ನಂಗೆ ಏನೂ ಕೇಳಿಸ್ತಿರಲಿಲ್ಲ ಕಣಪ್ಪ. ಹೇಳಕ್ಕೆ ನಾಚಿಕೆ ಆಯ್ತು. ಇಲ್ಲ ಅಂದುಬಿಟ್ಟೆ.”

ಕೆಂಚಪ್ಪನಿಗೆ ಸಿಟ್ಟು ಬಂತು. ಇಂಥ ಗಾಡಿಯಲ್ಲಿ ಎರಡು ತಿಂಗಳು ಕೊಬ್ಬರಿ ಚೀಲ ಹೇರಿಕೊಂಡು ಓಡಾಡಿದ್ದ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಸಿದ್ದಮ್ಮ ಮುಖದ ಮಣ್ಣು ಒರೆಸಿಕೊಂಡು ಎದ್ದಳು.

“ಅದೆಲ್ಲಾ ಆಮೇಲೆ ಆಡ್ಕಳಿ. ಕಿವಿ ಇರೋರು ಇಬ್ರು ಇದೀವಿ. ಏನು ಕೇಳಬೇಕು ಅಂತ ನೀವು ಹೇಳ್ರಿ, ನಾವು ಕೇಳ್ತೀವಿ.”

ತೋಂಟದಾರ್ಯ ಅವಳನ್ನು ನೋಡಿದ. ಆಮೇಲೆ ಕೆಲಸಕ್ಕಿಳಿದ.

ಹಿಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿ, ಅಚ್ಚಿನ ಕೆಳಗೆ ಕಲ್ಲು ಪೇರಿಸಿದರು. ಮುಂದಿನ ಗಾಲಿಗಳ ಬಲ ತಪ್ಪಿಸಿ, ಕೆಂಚಪ್ಪ ಎಂಜಿನ್ ಶುರು ಮಾಡಿ ಗೇರು ಹಾಕಿದ. ಹಿಂದಿನ ಗಾಲಿಗಳು ಗಾಳಿಯಲ್ಲೇ ತಿರುಗತೊಡಗಿದವು.

“ಈಗ ಆಕ್ಸಿಲೇಟರ್ ಒತ್ತು. ಸದ್ದು ಹೆಂಗಿದೆ?”

“ಜೋರೈತೆ!”

“ಕಾಲು ತೆಗಿ.”

“ಕಮ್ಮಿ ಆಯ್ತು. ಹೆಚ್ಚುಕಮ್ಮಿ ನಿಂತೇ ಹೋಯ್ತು.”

“ಸಿದ್ದಮ್ಮ, ನೀನು ಗಾಲಿ ಪಕ್ಕ ಕೂತ್ಕೋ. ಗಾಲಿ ಒಂದು ಸುತ್ತು ಬರೋದ್ರೊಳಗೆ ಎಷ್ಟು ಸಲ ಕಟ್ ಅನ್ನುತ್ತೆ, ಎಣಿಸು.”

ಸಿದ್ದಮ್ಮ ಗಾಲಿಗೆ ಅಂಟಿದ್ದ ಕೆಸರಿನ ಗುರುತು ಹಿಡಿದು ಎಣಿಸಿದಳು. “ಐದಾರು ಸಲ ಸ್ವಾಮಿ.”

ಗಾಲಿಯ ಬೇರಿಂಗಿನದಾಗಿದ್ದರೆ ಒತ್ತಿದರೂ ಬಿಟ್ಟರೂ ಸದ್ದು ಒಂದೇ ಸಮನಿರಬೇಕಿತ್ತು. ತೋಂಟದಾರ್ಯ ಚೀಲದಿಂದ ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದ. ಮರದ ಹಿಡಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ಗ್ಯಾರೇಜಿನಲ್ಲಿ ಯಾರೂ ಇಲ್ಲದಾಗ ಒಂದೆರಡು ಸಲ ಹೀಗೆ ಮಾಡಿ ನೋಡಿದ್ದ. ಜನರೆದುರು ಮಾಡಲು ಧೈರ್ಯ ಬಂದಿರಲಿಲ್ಲ. ಕೆಳಗೆ ತೂರಿ, ಸ್ಕ್ರೂಡ್ರೈವರಿನ ತುದಿಯನ್ನು ಬಲ ಹಬ್ಬಿನ ಪಕ್ಕಕ್ಕೆ ತಾಗಿಸಿದ. ದವಡೆಯ ಮೂಳೆಯಲ್ಲಿ ಒಂದು ಸಣ್ಣ ಹೂಂಕಾರ, ನಯವಾಗಿ. ಎಡಕ್ಕೆ ತಾಗಿಸಿದ. ಅದೂ ನಯ. ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿದ, ಒಳಗೆ ಹಲ್ಲುಗಾಲಿಗಳಿರುವ ಕಬ್ಬಿಣದ ಗುಂಡಿನ ಮೂತಿಗೆ ತಾಗಿಸಿದ.

ಹಲ್ಲಿನ ಬೇರುಗಳೆಲ್ಲ ಜುಂ ಎಂದವು. ಬೆಣಚುಕಲ್ಲು ಅಗಿದಂತೆ ಗರಗರ, ನಡುವೆ ಕುಟುಕು. ಎರಡು ವರ್ಷಗಳಲ್ಲಿ ಅವನಿಗೆ ಯಾವ ಸದ್ದೂ ಇಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ.

“ನಿಲ್ಲಿಸು ಎಂಜಿನ್ನು! ಗಾಲಿಯಲ್ಲ ಕಣ್ಲಾ, ಪೀನಿಯನ್ನು!”

ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಒಂದು ಚಿಕ್ಕ ಹಲ್ಲುಗಾಲಿ. ಅದೇ ಪೀನಿಯನ್ನು. ಗುಂಡಿನೊಳಗಿರುವ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುವುದು ಅದೇ. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಅದು ಐದಾರು ಸುತ್ತು ಬರುತ್ತದೆ. ತೋಂಟದಾರ್ಯ ಶಾಫ್ಟಿನ ಕೀಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದ. ಅಕ್ಕಿಕಾಳಿನಷ್ಟು ಆಡಿತು. ಪೀನಿಯನ್ನನ್ನು ಬಿಗಿಹಿಡಿದ ದೊಡ್ಡ ನಟ್ಟಿನ ಪಿನ್ನು ಮುರಿದು, ನಟ್ಟು ಒಂದೂವರೆ ಸುತ್ತು ಹಿಂದೆ ಬಂದಿತ್ತು. ಗುಂಡಿನ ಬಿರಡೆ ಬಿಚ್ಚಿ ಬೆರಳು ಹಾಕಿದ. ಎಣ್ಣೆ ತಾಗಲಿಲ್ಲ. ಇನ್ನೂ ಆಳಕ್ಕೆ ಹಾಕಿದ. ಬೆರಳಿಗೆ ಬಂದದ್ದು ಮಜ್ಜಿಗೆಯಂಥ ನೀರು, ಅದರಲ್ಲಿ ಮಿನುಗುವ ಕಬ್ಬಿಣದ ಪುಡಿ.

“ಹಿಂದಿನ ಶಾಫ್ಟನ್ನೇ ಬಿಚ್ಚಿ ಎಸೆದು ಮುಂದಿನ ಗಾಲೀಲೇ ಹೋದ್ರೆ?” ಎಂದ ಕೆಂಚಪ್ಪ.

“ಇಳಿಯಕ್ಕಾದ್ರೆ ಆಗುತ್ತೆ. ಈ ಕೆಸರಲ್ಲಿ ಹತ್ತಲ್ಲ, ಗೂಟವನ್ನಂತೂ ಎಳೆಯಲ್ಲ. ನಟ್ಟು ನಾನು ಬಿಗಿ ಮಾಡ್ತೀನಿ. ಆದ್ರೆ ಎಣ್ಣೆ ಬೇಕು. ಎಣ್ಣೆ ಇಲ್ದೆ ಓಡಿಸಿದ್ರೆ ಅರ್ಧ ಮೈಲಿಗೆ ಹಲ್ಲೆಲ್ಲ ಪುಡಿಪುಡಿ.”

“ಎಂಥ ಎಣ್ಣೆ?” ಎಂದಳು ಸಿದ್ದಮ್ಮ.

“ದಪ್ಪ ಎಣ್ಣೆ. ಎತ್ತಿನ ಗಾಡಿ ಕೀಲಿಗೆ ಹಾಕ್ತೀರಲ್ಲ, ಹರಳೆಣ್ಣೆ, ಅದಾದ್ರೂ ಸರಿ. ಎರಡು ಸೇರು ಬೇಕು.”

ಮಾತು ಮುಗಿಯುವ ಮುಂಚೆಯೇ ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಿದ್ದಳು. “ಆ ಮಗ್ಗುಲಾಗೆ ರಂಗಕ್ಕನ ಕುರಿಹಟ್ಟಿ ಐತೆ. ಬತ್ತೀನಿ.”

ಕರಡಿ ಓಡಿದ ದಿಕ್ಕನ್ನೊಮ್ಮೆ ನೋಡಿ, ಅದರ ಎದುರು ದಿಕ್ಕಿನ ಪೊದೆಗಳೊಳಗೆ ನುಗ್ಗಿದಳು.

ಇತ್ತ ತೋಂಟದಾರ್ಯ ಶಾಫ್ಟು ಬಿಚ್ಚಿ, ನೀರೆಣ್ಣೆ ಬಸಿದು, ನಟ್ಟಿಗೆ ಸ್ಪ್ಯಾನರ್ ಹಾಕಿ, ಸ್ಪ್ಯಾನರಿಗೆ ಜಾಕಿನ ಕೊಳವೆ ತೂರಿಸಿದ. ಇಬ್ಬರೂ ಸೇರಿ ಕಾಲಿನಿಂದ ತುಳಿದು ಬಿಗಿದರು. ಒಂದು ಸುತ್ತು. ಮತ್ತೆ ಅರ್ಧ. ಕೀಲಿನ ಆಟ ನಿಂತಿತು. ಹೊಸ ಪಿನ್ನಿರಲಿಲ್ಲ. ಟೂಲ್ ಪೆಟ್ಟಿಗೆಯ ಮುಚ್ಚಳದಿಂದ ಮೊಳೆ ಕಿತ್ತು, ತೂರಿಸಿ, ಎರಡೂ ತುದಿ ಬಗ್ಗಿಸಿದ.

ಅರ್ಧ ಗಂಟೆಗೆ ಸಿದ್ದಮ್ಮ ಬಂದಳು. ಕಂಕುಳಲ್ಲಿ ಮಣ್ಣಿನ ಗಡಿಗೆ. ಹಿಂದೆ ಕಂಬಳಿ ಗೊಪ್ಪೆ ಹಾಕಿಕೊಂಡು ಕೋಲೂರುತ್ತ ಮುದುಕಿ ರಂಗಕ್ಕ.

“ದೇವರ ದೀಪಕ್ಕೆ ಇಟ್ಟಿದ್ದು ಕಣಪ್ಪ,” ಎಂದಳು ಮುದುಕಿ. “ಏತಕ್ಕೆ ಉಯ್ತೀರಿ ಅಂತ ನೋಡಾಕೆ ನಾನೇ ಬಂದೆ.”

ಕೆಂಚಪ್ಪ ಅವಳ ಮಾತನ್ನು ತೋಂಟದಾರ್ಯನ ಬಲಗಿವಿಗೆ ಕೂಗಿ ಹೇಳಿದ. ತೋಂಟದಾರ್ಯ ಗಡಿಗೆಗೆ ಕೈಮುಗಿದು, ಸುರುಳಿ ಸುತ್ತಿದ ಮುತ್ತುಗದ ಎಲೆಯ ಮೂಲಕ ಹಳದಿ ಎಣ್ಣೆಯನ್ನು ಒಂದು ಹನಿಯೂ ಚೆಲ್ಲದಂತೆ ಅಚ್ಚಿನ ಗುಂಡಿನೊಳಕ್ಕೆ ಇಳಿಸಿದ. ರಂಗಕ್ಕ ಬಗ್ಗಿ ನೋಡಿದಳು. “ಕುಡೀತೈತೆ ನೋಡು, ಹಸಿದಿತ್ತು ಪಾಪ,” ಎಂದಳು.

ಜೀಪು ಹೊರಟಿತು. ಕೆಂಚಪ್ಪ ಕತ್ತು ಓರೆ ಮಾಡಿ ಕೇಳಿಸಿಕೊಂಡ. “ಕಟ್ ಕಟ್ ನಿಂತೈತೆ. ಸಣ್ಣಗೆ ಗುಂಯ್ ಅಂತೈತೆ ಅಷ್ಟೆ.”

“ಹಲ್ಲು ಆಗಲೇ ತಿಂದಿದೆ. ಮೊದಲನೇ ಗೇರಲ್ಲೇ ಹೋಗು. ಎಳೆದಾಡಬೇಡ.”

ಮೂರು ಗಂಟೆಗೆ ಬೆಟ್ಟದ ನೆತ್ತಿ ದಾಟಿದರು. ಕೆಳಗೆ ಕರೇಕಲ್ಲುಕಟ್ಟೆ ಕಂಡಿತು. ಮೂರು ಕಡೆ ಕರಿಬಂಡೆಯ ಬೆಟ್ಟ, ನಡುವೆ ಕಂದು ನೀರಿನ ದೊಡ್ಡ ಹರವು. ಮುಳುಗಿದ ಜಾಲಿಮರಗಳ ತಲೆಗಳಷ್ಟೇ ಮೇಲಿದ್ದವು. ನಾಲ್ಕನೆಯ ಕಡೆ ಏರಿ, ನೀರಿಗೂ ಅದರ ನೆತ್ತಿಗೂ ಗೇಣಿನಷ್ಟೇ ಅಂತರ. ಏರಿಯ ಆಚೆ, ತೀರಾ ಕೆಳಗೆ, ತೆಂಗಿನ ತಲೆಗಳ ನಡುವೆ ಹೆಂಚಿನ ಮಾಡುಗಳು. ಜನ ಗುಡ್ಡದ ಶಾಲೆಯ ಕಡೆಗೆ ದನ, ಹಾಸಿಗೆ, ಮುದುಕರನ್ನು ಸಾಗಿಸುತ್ತಿದ್ದುದು ಇರುವೆ ಸಾಲಿನಂತೆ ಕಾಣುತ್ತಿತ್ತು.

“ಬೆಳಿಗ್ಗೆ ಮೊಳ ಇತ್ತು,” ಎಂದಳು ಸಿದ್ದಮ್ಮ.

ತೂಬು ಎಂದರೆ ದಡದಿಂದ ಮೂರು ಮಾರು ಒಳಗೆ, ನೀರಿನಲ್ಲಿ ನಿಂತ ಎರಡು ಕಲ್ಲುಕಂಬ. ಅವುಗಳ ತಲೆಯ ಮೇಲೊಂದು ಅಡ್ಡತೊಲೆಕಲ್ಲು. ಅದರ ನೇರ ಕೆಳಗೆ, ಎರಡಾಳುದ್ದದ ಆಳದಲ್ಲಿ, ಕಂಡಿಗೆ ಬಿರಡೆಯಂತೆ ಕೂತ ಮರದ ಗೂಟ. ತೋಂಟದಾರ್ಯ ಈಜಿ ಹೋಗಿ ರಾಟೆಯನ್ನು ತೊಲೆಕಲ್ಲಿಗೆ ಬಿಗಿದ. ಸರಪಳಿಯ ಒಂದು ತುದಿ ರಾಟೆಯ ಮೇಲೆ ಹಾಯ್ದು ನೀರಿಗೆ, ಇನ್ನೊಂದು ತುದಿ ದಡದ ಬಂಡೆಯ ಮೇಲೆ ಮುಖ ಮೇಲಾಗಿ ನಿಂತ ಜೀಪಿನ ಕೊಂಡಿಗೆ.

ಸಿದ್ದಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು. “ಎರಡು ಸಲ ಜಗ್ಗುದ್ರೆ ಎಳ್ಕಳಿ,” ಎಂದು ಮುಳುಗಿದಳು.

ತೊಲೆಕಲ್ಲಿನ ಮೇಲೆ ಕೂತ ತೋಂಟದಾರ್ಯ ಹಗ್ಗವನ್ನು ಬೆರಳುಗಳ ನಡುವೆ ಹಿಡಿದಿದ್ದ. ಬರಿಗೈಯಲ್ಲಿ ಮೇಲೆ ಬಂದಳು. “ಗೋಡು ಮಣ್ಣು ತುಂಬ್ಕಂಡೈತೆ. ಬಳೆ ಸಿಗ್ತಾ ಇಲ್ಲ.” ಮತ್ತೆ ಮುಳುಗಿದಳು. ಮತ್ತೆ ಬರಿಗೈ, ಉಗುರಿನಲ್ಲಿ ರಕ್ತ.

ಮೂರನೆಯ ಸಲ ಹೋದವಳು ಬರಲಿಲ್ಲ.

ದಡದಿಂದ ಕೆಂಚಪ್ಪ ಏನೋ ಕೂಗುತ್ತಿದ್ದ. ತೋಂಟದಾರ್ಯ ಅತ್ತ ನೋಡಲಿಲ್ಲ. ಹಗ್ಗವನ್ನು ಮಾತ್ರ ಗಮನಿಸುತ್ತಿದ್ದ. ಅದು ಸಣ್ಣಗೆ ಮಿಡಿಯುತ್ತಿತ್ತು. ಅವಳ ಕೈ ಕೆಲಸ ಮಾಡುತ್ತಿತ್ತು. ಈಗಲೇ ಎಳೆದರೆ ಕೆಲಸ ಹಾಳು, ತಡ ಮಾಡಿದರೆ ಅವಳೇ ಇಲ್ಲ. ಮಿಡಿತ ನಿಂತಿತು. ಒಂದು ಜಗ್ಗು. ಇನ್ನೊಂದು.

ಅವನು ಎಳೆದ. ಸಿದ್ದಮ್ಮ ಕೆಮ್ಮುತ್ತ ಮೇಲೆದ್ದಳು. “ಸಿಕ್ತು,” ಎಂದಳು. ಅವನಿಗೆ ತುಟಿಯಷ್ಟೇ ಸಾಕಾಯಿತು.

ಸರಪಳಿ ಹರಿದರೆ ಹೊಡೆದು ಕೊಲ್ಲುತ್ತದೆ. ಸಿದ್ದಮ್ಮನನ್ನು ಬಂಡೆಯ ಹಿಂದೆ ಕೂರಿಸಿದರು. ತೋಂಟದಾರ್ಯ ಜೀಪಿನ ಹಿಂಭಾಗದಲ್ಲಿ ಬೋರಲು ಮಲಗಿ, ಅಚ್ಚಿನ ನೇರ ಮೇಲಿನ ತಗಡಿಗೆ ಎಡ ಅಂಗೈ ಮತ್ತು ಗದ್ದ ಊರಿ, ಬಲಗೈಯನ್ನು ಕೆಂಚಪ್ಪನ ಸೀಟಿನ ಪಕ್ಕಕ್ಕೆ ಚಾಚಿದ.

“ನನ್ನ ಹೆಬ್ಬೆರಳು ನೋಡ್ತಿರು. ಮೇಲೆ ಅಂದ್ರೆ ಒತ್ತು, ಕೆಳಗೆ ಅಂದ್ರೆ ಬುಡು.”

ನಾಲ್ಕೂ ಗಾಲಿಗೆ ಬಲ ಕೊಟ್ಟು ಕೆಂಚಪ್ಪ ಕ್ಲಚ್ಚು ಬಿಟ್ಟ. ಸರಪಳಿ ಬಿಗಿಯಾಯಿತು. ಹೆಬ್ಬೆರಳು ಮೇಲೆ. ಗಾಲಿಗಳು ಬಂಡೆಯನ್ನು ಕೆರೆದವು, ರಬ್ಬರು ಸುಟ್ಟ ವಾಸನೆ. ಹೆಬ್ಬೆರಳು ಕೆಳಗೆ. ಜೀಪು ಗೇಣು ಹಿಂದೆ ಬಂತು. ಮತ್ತೆ ಮೇಲೆ. ಮತ್ತೆ ಕೆಳಗೆ. ಬೇರು ಕೀಳುವವನು ಗಿಡವನ್ನು ಅಲುಗಿಸುವಂತೆ ಹತ್ತು ಸಲ ಹೀಗೆ ಮಾಡಿದರು.

ಹನ್ನೊಂದನೆಯ ಸಲ ತೋಂಟದಾರ್ಯನ ಅಂಗೈಗೆ ಒಂದು ಪೆಟ್ಟು ಬಿತ್ತು. ಗುಂಡಿನೊಳಗೆ ಒಂದು ಹಲ್ಲು ಹೋಯಿತು. ಕೆಂಚಪ್ಪನಿಗೂ ಕೇಳಿಸಿತು. ಹೆದರಿ ಹಿಂದೆ ತಿರುಗಿದ.

ನಿಲ್ಲಿಸಿದರೆ ಉಳಿದ ಹಲ್ಲುಗಳು ಉಳಿಯುತ್ತಿದ್ದವು. ಆದರೆ ತಗಡಿನಲ್ಲಿ ಇನ್ನೊಂದು ನಡುಕವೂ ಇತ್ತು. ಸರಪಳಿಯ ಕಡೆಯಿಂದ ಬರುತ್ತಿದ್ದ, ಮರ ಕಲ್ಲಿಗೆ ಉಜ್ಜುವ ನಡುಕ. ಗೂಟ ಅಲುಗುತ್ತಿತ್ತು.

ಹೆಬ್ಬೆರಳು ಮೇಲೆಯೇ ಇತ್ತು. “ಒತ್ಲಾ! ಪೂರಾ ಒತ್ತು!”

ಕೆಂಚಪ್ಪ ಒತ್ತಿದ. ಒಳಗೆ ಎರಡನೆಯ ಹಲ್ಲು, ಮೂರನೆಯದು. ಜೀಪು ಅರಚಿತು, ನಡುಗಿತು, ಮತ್ತೆ ಇದ್ದಕ್ಕಿದ್ದಂತೆ ಕಟ್ಟು ಬಿಚ್ಚಿದ ಹೋರಿಯಂತೆ ಮುಂದಕ್ಕೆ ಜಿಗಿಯಿತು.

ಕಂಬಗಳ ನಡುವೆ ನೀರು ಗಿರ್ರನೆ ಸುತ್ತಿ ಸುಳಿಯಾಯಿತು. ಏರಿಯ ಆ ಮಗ್ಗುಲಿನಿಂದ ಗುಡುಗಿನಂಥ ಸದ್ದು. ತೂಬಿನ ಬಾಯಿಯಿಂದ ಮರದ ದಪ್ಪದ ನೀರು ಕಾಲುವೆಗೆ ನುಗ್ಗಿತು. ಸಿದ್ದಮ್ಮ ಓಡಿಬಂದು ಸರಪಳಿಯನ್ನು ಬಂಡೆಗೆ ಸುತ್ತಿ ಹಾರೆ ಕೊಟ್ಟು ಬಿಗಿದಳು. ಆಮೇಲೆ ದಡಕ್ಕೆ ಹೋಗಿ, ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಕೂತಳು. ಮಳೆ ಸಣ್ಣಗಾಗಿತ್ತು. ಮುಕ್ಕಾಲು ಗಂಟೆ ಮೂವರೂ ಆ ಕಡ್ಡಿಯನ್ನೇ ನೋಡಿದರು.

“ಮೂರು ಬೆರಳು ಇಳೀತು,” ಎಂದಳು ಕೊನೆಗೆ. ಹೇಳಿ, ಮೊ‌ಣಕಾಲಿನ ನಡುವೆ ಮುಖ ಹುದುಗಿಸಿಕೊಂಡಳು.

ಜೀಪಿನ ಹಿಂದಿನ ಅಚ್ಚು ಈಗ ಬರೀ ಭಾರ. ಶಾಫ್ಟು ಬಿಚ್ಚಿ ಒಳಗೆ ಹಾಕಿಕೊಂಡು, ಮುಂದಿನ ಗಾಲಿಗಳ ಬಲದಲ್ಲೇ ಹೊರಟರು. ಅಷ್ಟು ದೂರದ ನೆತ್ತಿಯನ್ನು ಮತ್ತೆ ಹತ್ತುವಂತಿರಲಿಲ್ಲ. ಕುರಿ ಇಳಿಯುವ ಬಂಡೆಜಾಡಿನಲ್ಲಿ ಊರಿನ ಕಡೆಗೇ ಇಳಿಸಿದರು. ಸಿದ್ದಮ್ಮ ಮುಂದೆ ನಡೆದಳು. ತೋಂಟದಾರ್ಯ ಪ್ರತಿ ಇಳಿಜಾರಿನಲ್ಲೂ ಹಿಂದಿನಿಂದ ಹಗ್ಗ ಜಗ್ಗಿ ಹಿಡಿದ. ಒಂದು ಕಡೆ ಮುಂದಿನ ಗಾಲಿಯೊಂದು ಕೊರಕಲಿನ ಮೇಲೆ ಗಾಳಿಯಲ್ಲಿ ತೂಗಿತು. ಕೆಂಚಪ್ಪ ಕಣ್ಣು ಮುಚ್ಚಿ ಬ್ರೇಕು ಬಿಟ್ಟ. ಜೀಪು ಧೊಪ್ಪನೆ ಕೆಳಗಿನ ಬಂಡೆಗೆ ಬಿತ್ತು, ನಿಂತಿತು.

ಹೊತ್ತು ಇಳಿಯುವಾಗ ಗುಡ್ಡದ ಶಾಲೆ ತಲುಪಿದರು. ಅಂಗಳದಲ್ಲಿ ಮೂರು ಒಲೆ ಉರಿಯುತ್ತಿದ್ದವು. ಊರಿಗೆ ಊರೇ ಅಲ್ಲಿತ್ತು. ತೋಂಟದಾರ್ಯನನ್ನು ಒಂದು ಕಂಬಳಿಯ ಮೇಲೆ ಕೂರಿಸಿ, ಮುತ್ತುಗದ ಎಲೆಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು ಇಟ್ಟರು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಊರಿನ ಹಿರಿಯ ಹನುಮಂತಯ್ಯ ಎಡಗಡೆ ಕೂತು, ಅವನ ಮೊಣಕೈ ಹಿಡಿದು ಏನೋ ಕೇಳುತ್ತಿದ್ದ.

ತೋಂಟದಾರ್ಯ ಅಭ್ಯಾಸದಂತೆ ತಲೆಯಾಡಿಸಲು ಹೊರಟವನು ಹಾಗೇ ನಿಲ್ಲಿಸಿದ. ಕೈ ಎತ್ತಿದ.

“ನನಗೆ ಈ ಕಿವಿ ಕೇಳಿಸಲ್ಲ ಯಜಮಾನ್ರೇ. ಆ ಕಿವಿಯೂ ಅಷ್ಟಕ್ಕಷ್ಟೇ. ಈ ಕಡೆ ಬಂದು ಸ್ವಲ್ಪ ಜೋರಾಗಿ ಹೇಳ್ಬೇಕು.”

ಮುದ್ದೆ ಮುರಿಯುತ್ತಿದ್ದ ಕೆಂಚಪ್ಪ ತಲೆ ಎತ್ತಿ ಅವನನ್ನು ನೋಡಿದ. ಹನುಮಂತಯ್ಯ ಎದ್ದು, ಪಂಚೆ ಸರಿಮಾಡಿಕೊಂಡು, ಸುತ್ತಿ ಬಂದು ಬಲಗಡೆ ಕೂತು, ಎರಡೂ ಅಂಗೈಯನ್ನು ಬಾಯಿಗೆ ಆನಿಸಿ ಕೂಗಿದ:

“ಕೆರೆ ತಾವಿಂದ ಆಳು ಬಂದವ್ನೆ! ಮತ್ತೆರಡು ಬೆರಳು ಇಳೀತಂತೆ! ಏರಿ ಬುಡದಾಗೆ ಈಗ ತಿಳಿನೀರು ಬತ್ತೈತಂತೆ!”

“ಕೇಳಿಸ್ತು,” ಎಂದ ತೋಂಟದಾರ್ಯ. ಎಲೆಯನ್ನು ಮುಂದಕ್ಕೆ ಸರಿಸಿದ. “ಇನ್ನೊಂದು ಮುದ್ದೆ ಹಾಕ್ರಮ್ಮ.”